ಕೂಗಿದರೆ ಓಗೊಡಿ: ನಾನಾ ಮಾತಿನ ಮನೆಗಳಿಗೆ ಪೋಷಕರ ತರಗತಿ ನಡೆಸುವ ಬಗೆ

ಮುಳಬಾಗಿಲು ಕಡೆಯ ಒಂದು ಅಂಗನವಾಡಿ. ಹದಿನಾಲ್ಕು ಜನ ತಾಯಂದಿರು ಚಾಪೆ ಮೇಲೆ ಕೂತಿದ್ದರು. ಕೈಪಿಡಿಯಲ್ಲಿ ಇದ್ದ ಹಾಗೆ ನಾನು, "ಮಗು ಒಳ್ಳೆ ಕೆಲಸ ಮಾಡಿದಾಗ ಎಲ್ಲರ ಮುಂದೆ ಹೊಗಳಬೇಕು. ಈಗ ಒಬ್ಬೊಬ್ಬರೇ ನಿಮ್ಮ ಮಗುವಿನ ಬಗ್ಗೆ ಒಂದು ಒಳ್ಳೆ ಮಾತು ಹೇಳಿ" ಅಂದೆ. ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗನ ಮುಖವನ್ನು ಸೆರಗಿನಲ್ಲಿ ಮುಚ್ಚಿ ಮಡಿಲಿಗೆ ಎಳೆದುಕೊಂಡರು. ಆ ಮಗುವಿನ ಕೆನ್ನೆಯ ಮೇಲೆ ಕಾಡಿಗೆ ಬೊಟ್ಟು ಇತ್ತು. ಬಂದಾಗಲೇ ನಾನು ಅದನ್ನು ನೋಡಿದ್ದೆ. ಅದು ಏನು ಹೇಳುತ್ತಿದೆ ಅಂತ ಮಾತ್ರ ಯೋಚಿಸಿರಲಿಲ್ಲ.

ಅವರ ಮನೆ ಮಾತು ತೆಲುಗು. ಆದರೆ ನನ್ನ ಕನ್ನಡ ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ತೊಡಕು ಭಾಷೆಯದ್ದಲ್ಲ. ಹತ್ತು ಜನರ ಮುಂದೆ ಮಗುವನ್ನು ಹೊಗಳಿದರೆ ದೃಷ್ಟಿ ತಾಗುತ್ತದೆ ಅನ್ನುವ ಭಯ. ಮುಂದಿನ ವಾರ ನಾನು ಕೇಳಿದ್ದು ಬೇರೆ: "ನಿನ್ನೆ ನಿಮ್ಮ ಮಗು ಮನೆಯಲ್ಲಿ ಯಾವ ಸಣ್ಣ ಕೆಲಸ ಮಾಡಿಕೊಟ್ಟಿತು?" ಒಬ್ಬರ ಮಗ ಕೋಳಿಗೆ ನೀರಿಟ್ಟಿದ್ದ. ಇನ್ನೊಬ್ಬರ ಮಗಳು ಚಪ್ಪಲಿ ಜೋಡಿಸಿದ್ದಳು. "ಆ ಕೆಲಸಕ್ಕೆ ಏನಂದಿರಿ?" ಅಂತ ಕೇಳಿದರೆ ಮಾತು ತಾನಾಗಿ ಹೊರಟಿತು. ಮಗುವನ್ನು ಹೊಗಳಬೇಡಿ, ಕೆಲಸವನ್ನು ಹೊಗಳಿ. ಊರ ಮುಂದೆ ಬೇಡ, ಕಿವಿಯಲ್ಲಿ ಹೇಳಿ. ಪಾಠ ಅದೇ. ಕೊಡುವ ದಾರಿ ಬೇರೆಯಾಯಿತು ಅಷ್ಟೆ.

ಅಂಗನವಾಡಿ ಕಾರ್ಯಕರ್ತೆಯರು, ನಲಿಕಲಿ ಶಿಕ್ಷಕರು, ಸ್ತ್ರೀಶಕ್ತಿ ಸಂಘದವರು, ಮಕ್ಕಳ ಜೊತೆ ಕೆಲಸ ಮಾಡುವ ಸಂಸ್ಥೆಯವರು, ಯಾರೇ ಪೋಷಕರ ತರಗತಿ ನಡೆಸುವವರಿದ್ದರೂ ಅವರಿಗೆ ಕೆಲಸಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕೋಲಾರ ಜಿಲ್ಲೆಯಲ್ಲಿ ಒಂದೇ ಬಗೆಯ ಮನೆ ಅಂತ ಎಲ್ಲೂ ಸಿಗುವುದಿಲ್ಲ. ಒಂದು ಕಡೆ ಆಂಧ್ರದ ಗಡಿ, ಇನ್ನೊಂದು ಕಡೆ ತಮಿಳುನಾಡಿನ ಗಡಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಕೋಲಾರ ಪಟ್ಟಣದ ಎಷ್ಟೋ ಬೀದಿಗಳಲ್ಲಿ ಉರ್ದು. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ನರಸಾಪುರ, ವೇಮಗಲ್‌ನ ಕಾರ್ಖಾನೆಗಳ ಸುತ್ತ ಬಾಡಿಗೆ ಕೋಣೆಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್, ಉತ್ತರ ಕರ್ನಾಟಕದಿಂದ ಬಂದವರು. ಒಂದೇ ಕೈಪಿಡಿ ಹಿಡಿದು ಇಷ್ಟೂ ಮನೆಗೆ ಹೋದರೆ ನಡೆಯುವುದಿಲ್ಲ.

ಮೊದಲು, ಯಾವುದನ್ನು ಬದಲಾಯಿಸುವುದಿಲ್ಲ ಅಂತ ಬರೆದುಕೊಳ್ಳಿ

ಹೊಂದಿಸುವುದು ಅಂದರೆ ಎಲ್ಲವನ್ನೂ ಸಡಿಲ ಬಿಡುವುದಲ್ಲ. ಒಂದು ಹಾಳೆ ತಗೊಳ್ಳಿ. ನಿಮ್ಮ ಕಾರ್ಯಕ್ರಮದ ಗಟ್ಟಿ ತಿರುಳು ಏನು ಅಂತ ಅದರಲ್ಲಿ ಬರೆಯಿರಿ. ಒಂದು ಹಾಳೆ ಮೀರಬಾರದು.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಬ್ಯಾಂಕ್ ಸೇರಿ ಕೊಟ್ಟ ಐದು ಅಂಶಗಳ ಚೌಕಟ್ಟು ಇದೆ. ಮಗುವಿಗೆ ಬೇಕಾದ್ದು ಒಳ್ಳೆ ಆರೋಗ್ಯ, ಸಾಕಷ್ಟು ಪೌಷ್ಟಿಕ ಊಟ, ಅದರ ಸನ್ನೆ ಅರಿತು ಸ್ಪಂದಿಸುವ ದೊಡ್ಡವರು, ಭಯವಿಲ್ಲದ ಜಾಗ, ಚಿಕ್ಕಂದಿನಿಂದಲೇ ಕಲಿಯುವ ಅವಕಾಶ. ಈ ಐದನ್ನು ಬೇಡ ಅನ್ನುವ ಮನೆ ನಾನು ಯಾವ ಮಾತಿನವರಲ್ಲೂ ನೋಡಿಲ್ಲ.

ತಿರುಳಿನ ಕೆಳಗೆ ಒಂದು ಗೆರೆ ಎಳೆದು, ಅದರ ಕೆಳಗೆ ಬದಲಾಯಿಸಬಹುದಾದ್ದನ್ನು ಬರೆಯಿರಿ. ಇದಕ್ಕೂ ಒಂದು ಹಳೆಯ ಪಟ್ಟಿ ಸಹಾಯಕ್ಕೆ ಬರುತ್ತದೆ. 1995ರಲ್ಲಿ ಗಿಯೆರ್ಮೊ ಬರ್ನಾಲ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಸ್ಪ್ಯಾನಿಷ್ ಮಾತಿನ ಕುಟುಂಬಗಳಿಗೆ ಚಿಕಿತ್ಸಾ ಕ್ರಮಗಳನ್ನು ಹೊಂದಿಸಲು ಎಂಟು ವಿಷಯ ನೋಡಬೇಕು ಅಂದರು: ಭಾಷೆ, ಹೇಳುವವರು ಯಾರು, ಹೋಲಿಕೆಗಳು, ಒಳಗಿನ ಸಂಗತಿ, ಅದರ ಹಿಂದಿನ ಕಲ್ಪನೆ, ಗುರಿ, ವಿಧಾನ, ಮನೆಯ ಸಂದರ್ಭ. ನಮ್ಮಲ್ಲಿ ಬಹಳ ಸಲ ಮೊದಲನೆಯದಕ್ಕೇ ಕೆಲಸ ನಿಂತುಬಿಡುತ್ತದೆ. ಕೈಪಿಡಿಯನ್ನು ಅನುವಾದ ಮಾಡಿಸಿ, ಚಿತ್ರದಲ್ಲಿನ ಸೀರೆ ಬದಲಾಯಿಸಿ, ಮುಗಿಯಿತು ಅನ್ನುತ್ತಾರೆ. ಉಳಿದ ಏಳು ಹಾಗೇ ಉಳಿಯುತ್ತವೆ.

ತರಗತಿಗೆ ಮುಂಚೆ ಊರು ಸುತ್ತಿ

ಎರಡು ದಿನ ಸಾಕು. ಪೆನ್ನು, ಫಾರಂ ತಗೊಂಡು ಹೋಗಬೇಡಿ. ಫಾರಂ ನೋಡಿದರೆ ಯಾವುದೋ ಸರ್ವೆ ಅಂತ ಜನ ಒಪ್ಪುವ ಉತ್ತರ ಕೊಡುತ್ತಾರೆ. ಸುಮ್ನೆ ಹೋಗಿ ಕೂತು ಮಾತಾಡಿ. ನೀವು ತಿಳಿದುಕೊಂಡು ಬರಬೇಕಾದ್ದು ಇವು.

ಮಗುವನ್ನು ದಿನವಿಡೀ ಎತ್ತಿಕೊಳ್ಳುವವರು ಯಾರು? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಕೆಲಸ ಬೆಂಗಳೂರಿಗೆ ಹೋಯಿತು. ಬೆಳಗಿನ ರೈಲಿಗೆ ಹೊರಟು ರಾತ್ರಿ ಮರಳುವ ಅಪ್ಪ ಅಮ್ಮಂದಿರು ಅಲ್ಲಿ ಸಾವಿರಾರು ಮಂದಿ. ಹಗಲು ಮಗುವಿಗೆ ಉಣ್ಣಿಸುವವರು, ಮಲಗಿಸುವವರು ಪಾಟಿ, ಅಂದರೆ ಅಜ್ಜಿ, ಮತ್ತು ತಾತ. ಅಂಥ ಕಡೆ "ತಾಯಂದಿರ ಸಭೆ" ಅಂತ ಕರೆದರೆ ನಿಜವಾಗಿ ಮಗು ಸಾಕುತ್ತಿರುವವರನ್ನೇ ಹೊರಗಿಟ್ಟ ಹಾಗಾಯಿತು. ಕರೆಯೋಲೆಯ ಮೇಲೆ "ಮಗು ನೋಡಿಕೊಳ್ಳುವವರ ಸಭೆ" ಅಂತ ಬರೆಯಿರಿ. ಆ ಒಂದು ಪದಕ್ಕೆ ಬರುವ ಜನ ಬದಲಾಗುತ್ತಾರೆ.

ಚೊಚ್ಚಲ ಬಾಣಂತಿ ಎಲ್ಲಿರುತ್ತಾಳೆ? ನಮ್ಮ ಕಡೆ ಬಹುಪಾಲು ತವರಿನಲ್ಲಿ. ಮುಸ್ಲಿಂ ಮನೆಗಳಲ್ಲಿ ಚಿಲ್ಲಾ ಮುಗಿಯುವ ತನಕ, ಅಂದರೆ ನಲವತ್ತು ದಿನ ಹೊರಗೆ ಕಾಲಿಡುವುದಿಲ್ಲ. ಹಾಲುಣಿಸುವ ಪಾಠವನ್ನು ಹೆರಿಗೆ ಆದ ಮೇಲೆ ಗಂಡನ ಊರಿನಲ್ಲಿ ಇಟ್ಟುಕೊಂಡರೆ ಕೇಳಿಸಿಕೊಳ್ಳಬೇಕಾದವಳೇ ಅಲ್ಲಿರುವುದಿಲ್ಲ. ಅದನ್ನು ಏಳನೇ ತಿಂಗಳಿಗೇ ತನ್ನಿ. ಅತ್ತೆಯನ್ನೂ ಕೂರಿಸಿಕೊಳ್ಳಿ. ಸಾಧ್ಯವಾದರೆ ಅವಳ ತಾಯಿಯ ಜೊತೆ ಫೋನಿನಲ್ಲಿ ಮಾತಾಡಿ.

ಅಂಗನವಾಡಿ ಯಾವ ಕೇರಿಯಲ್ಲಿದೆ? ಇದನ್ನು ಕೇಳಲು ಸಂಕೋಚ ಬೇಡ. ದೇವಸ್ಥಾನಕ್ಕೆ ಅಂಟಿಕೊಂಡ ಸಮುದಾಯ ಭವನದಲ್ಲಿ ಸಭೆ ಇಟ್ಟರೆ ಕೆಲವು ಮನೆಯವರು ಬರುವುದಿಲ್ಲ, ಯಾಕೆ ಬರಲಿಲ್ಲ ಅಂತ ಬಾಯಿ ಬಿಟ್ಟು ಹೇಳುವುದೂ ಇಲ್ಲ. "ಕೆಲಸ ಇತ್ತು ಮಿಸ್ಸು" ಅನ್ನುತ್ತಾರೆ. ಒಂದು ಸಲ ಈ ಕೇರಿಯಲ್ಲಿ, ಮುಂದಿನ ಸಲ ಆ ಕೇರಿಯಲ್ಲಿ ಇಡಿ. ಟೀ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ, ಒಂದೇ ತಟ್ಟೆಯಿಂದ ಹೋಗಲಿ. ಯಾರಾದರೂ ಲೋಟ ಬೇರೆ ಇಡಲು ಹೋದರೆ ಅಲ್ಲೇ ನಿಲ್ಲಿಸಿ. ಈ ವಿಷಯದಲ್ಲಿ ಊರಿನ ಪದ್ಧತಿಗೆ ಹೊಂದಿಕೊಳ್ಳುವ ಮಾತೇ ಇಲ್ಲ.

ಮನೆಯಲ್ಲಿ ಎಷ್ಟು ಕೋಣೆ ಇದೆ ಅಂತಲೂ ನೋಡಿ ಬನ್ನಿ. ಹಟ ಮಾಡುವ ಮಗುವನ್ನು ಬೇರೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ ಅಂತ ಹೊರದೇಶದ ಕೈಪಿಡಿಗಳಲ್ಲಿ ಇರುತ್ತದೆ. ಇಟ್ಟಿಗೆ ಗೂಡಿನ ಪಕ್ಕದ ಶೆಡ್ಡಿನಲ್ಲಿ ಬೇರೆ ಕೋಣೆ ಎಲ್ಲಿಂದ ಬರಬೇಕು?

ಆ ಮಾತಿನ ಒಬ್ಬ ಜೊತೆಗಾತಿಯನ್ನು ಹುಡುಕಿ

ಅನುವಾದ ಮಾಡುವವರಲ್ಲ, ಜೊತೆಗಾತಿ. ಅದೇ ಬೀದಿಯವಳು, ಎರಡು ಮೂರು ಮಕ್ಕಳನ್ನು ಬೆಳೆಸಿದವಳು, ಬೇರೆ ಹೆಂಗಸರು ನಂಬುವವಳು. ಹೆಚ್ಚು ಓದಿರಬೇಕು ಅಂತಿಲ್ಲ. ತರಗತಿಯ ಹಿಂದಿನ ದಿನ ಅವಳ ಜೊತೆ ಒಂದು ಗಂಟೆ ಕೂತು ಇಡೀ ಪಾಠ ಹೇಳಿ, "ನಿಮ್ಮ ಮನೆಗಳಲ್ಲಿ ಇದನ್ನು ಹೀಗೆ ಹೇಳಿದರೆ ಏನನ್ನುತ್ತಾರೆ?" ಅಂತ ಕೇಳಿ. ಅವಳು ಮುಖ ಸಣ್ಣಗೆ ಮಾಡಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ. ಮುಕ್ಕಾಲು ಪಾಲು ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕನ್ನಡ ಬರುತ್ತದೆ ಅಂತ ಶಾಲೆಗೆ ಹೋಗುವ ಮಕ್ಕಳನ್ನು ನಡುವೆ ನಿಲ್ಲಿಸಿ ಮಾತಾಡಿಸಬೇಡಿ. ಗಂಡನ ಕುಡಿತ, ಹೊಡೆತ, ಗರ್ಭ, ಇವೆಲ್ಲ ಬರುವ ಮಾತುಕತೆ ಇದು. ತನ್ನ ತಾಯಿಯ ನೋವನ್ನು ಮಗು ತನ್ನ ಬಾಯಲ್ಲಿ ಹೇಳುವಂತಾಗಬಾರದು.

ಕರೆಯುವ ಬಗೆಯನ್ನೂ ಅವಳಿಂದಲೇ ಕಲಿಯಿರಿ. ಉರ್ದು ಮನೆಯಲ್ಲಿ ಆಪಾ, ದೊಡ್ಡವರಾದರೆ ಖಾಲಾ. ಬಿಹಾರದವರಲ್ಲಿ ದೀದಿ. ತೆಲುಗು, ತಮಿಳು ಮನೆಗಳಲ್ಲಿ ನಮ್ಮ ಹಾಗೇ ಅಕ್ಕ, ಅಮ್ಮ. "ಮೇಡಂ, ನಿಮ್ಮ ಹೆಸರೇನು" ಅನ್ನುವುದಕ್ಕೂ "ಆಪಾ, ಕೂತ್ಕೊಳ್ಳಿ" ಅನ್ನುವುದಕ್ಕೂ ಬಹಳ ಅಂತರ ಇದೆ, ಅಲ್ವಾ?

ಪಾಠಕ್ಕೆ ಮನೆಯೊಳಗಿನ ಮಾತು ಹುಡುಕಿ

ಇದೇ ಕೆಲಸದ ಹೃದಯ, ಇದಕ್ಕೆ ಜಾಸ್ತಿ ಸಮಯ ಕೊಡಿ.

ಚಿಕ್ಕ ಮಕ್ಕಳ ಬೆಳವಣಿಗೆಯ ತರಬೇತಿಗಳಲ್ಲಿ ಟೆನಿಸ್ ಆಟದ ಹೋಲಿಕೆ ಬರುತ್ತದೆ. ಮಗು ಚೆಂಡು ಹೊಡೆಯುತ್ತದೆ, ದೊಡ್ಡವರು ವಾಪಸ್ ಹೊಡೆಯಬೇಕು ಅಂತ. ಅಂದರೆ ಮಗು ಒಂದು ಸದ್ದು ಮಾಡಿದರೆ, ಏನನ್ನಾದರೂ ಬೆರಳಲ್ಲಿ ತೋರಿಸಿದರೆ ನಾವು ನೋಡಿ ಮರುಮಾತು ಕೊಡಬೇಕು. ಈ ಕೊಡು ಕೊಳ್ಳುವಿಕೆಯಿಂದಲೇ ಮಗುವಿನ ಮಿದುಳು ಬೆಳೆಯುತ್ತದೆ. ವಿಷಯ ಬಂಗಾರದಂಥದ್ದು. ಆದರೆ ಟೊಮೆಟೊ ತೋಟದಲ್ಲಿ ಕೆಲಸ ಮಾಡುವ ತಾಯಿಗೆ ಟೆನಿಸ್ ಯಾಕೆ? ಹೊಲದ ಈ ಬದುವಿನಿಂದ "ಓಯ್" ಅಂತ ಕೂಗಿದರೆ ಆ ಬದುವಿನಿಂದ ಇನ್ನೊಬ್ಬರು ಓಗೊಡುತ್ತಾರೆ. ಓಗೊಡದಿದ್ದರೆ? ಇನ್ನೊಂದು ಸಲ ಕೂಗುತ್ತೇವೆ, ಮತ್ತೊಂದು ಸಲ ಕೂಗುತ್ತೇವೆ, ಆಮೇಲೆ ಸುಮ್ಮನಾಗುತ್ತೇವೆ. "ನಿಮ್ಮ ಕೂಸು ಆ ಅಂದರೆ ಅದು ಕೂಗು. ನೀವು ಓಗೊಡಿ. ಯಾರೂ ಓಗೊಡದ ಕೂಸು ಕೂಗುವುದನ್ನೇ ಬಿಡುತ್ತದೆ." ಇಷ್ಟು ಹೇಳಿದಾಗ ಒಬ್ಬ ತಾಯಿ ತನ್ನ ಎಂಟು ತಿಂಗಳ ಮಗುವಿನ ಕಡೆ ತಿರುಗಿ, ಅದು "ಬಾ ಬಾ" ಅಂದದ್ದಕ್ಕೆ "ಏನಮ್ಮ, ಬರಬೇಕಾ?" ಅಂದಳು. ಮಗು ಕಾಲು ಬಡಿದು ನಕ್ಕಿತು. ಅವತ್ತಿನ ಪಾಠ ಅಲ್ಲಿಗೆ ಮುಗಿಸಿದೆ. ಅದಕ್ಕಿಂತ ಹೆಚ್ಚು ಹೇಳುವುದು ಏನೂ ಉಳಿದಿರಲಿಲ್ಲ.

ಉಳಿದ ಮಾತಿನವರಿಗೂ ಇಂಥದ್ದೇ ಏನೋ ಇರುತ್ತದೆ. ಅದನ್ನು ನೀವು ಊಹಿಸಬೇಡಿ, ಅವರನ್ನೇ ಕೇಳಿ.

ಜೋಗುಳದಿಂದ ಶುರು ಮಾಡುವುದು ನನಗೆ ಇಷ್ಟ. ಕನ್ನಡದಲ್ಲಿ ಜೋಗುಳ, ತೆಲುಗಿನಲ್ಲಿ ಲಾಲಿ, ತಮಿಳಿನಲ್ಲಿ ತಾಲಾಟ್ಟು, ಉರ್ದುವಿನಲ್ಲಿ ಲೋರಿ. "ನಿಮ್ಮ ಅಮ್ಮ ನಿಮಗೆ ಹೇಳಿದ್ದನ್ನು ಎರಡು ಸಾಲು ಹಾಡಿ" ಅಂದರೆ ನಾಚಿಕೊಂಡಾದರೂ ಹಾಡುತ್ತಾರೆ. ಒಡಿಶಾದ ಹೆಣ್ಣುಮಗಳು ತನ್ನ ಮಾತಿನಲ್ಲಿ ಹಾಡಿದಾಗ ಉಳಿದವರಿಗೆ ಒಂದು ಪದವೂ ತಿಳಿಯದಿದ್ದರೂ ಅದು ಕೂಸು ಮಲಗಿಸುವ ಹಾಡು ಅಂತ ತಿಳಿಯುತ್ತದೆ. ಅಲ್ಲಿಂದ ಮುಂದೆ ಅವಳು ಹೊರಗಿನವಳಲ್ಲ.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನೂ ಸರಿ ಮಾಡಿಬಿಡಿ. "ಮಗು ಶಾಲೆಯಲ್ಲಿ ಹಿಂದೆ ಬೀಳುತ್ತೆ, ಮನೆಯಲ್ಲಿ ತೆಲುಗು ಬಿಡಿ, ಉರ್ದು ಬಿಡಿ" ಅಂತ ಹೇಳುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ತಾಯಿಗೆ ಸರಾಗವಾಗಿ ಬರದ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡು ಅಂದರೆ ಅವಳ ಮಾತೇ ಕಡಿಮೆಯಾಗುತ್ತದೆ. ಕತೆ ನಿಲ್ಲುತ್ತದೆ, ಮುದ್ದು ಮಾತು ನಿಲ್ಲುತ್ತದೆ, ಉಳಿಯುವುದು "ಬಾ", "ತಿನ್ನು", "ಸುಮ್ಮನಿರು" ಅಷ್ಟೇ. ಮನೆ ಮಾತು ಗಟ್ಟಿಯಾಗಿದ್ದರೆ ಕನ್ನಡ ಅದರ ಮೇಲೆ ಚೆನ್ನಾಗಿ ಬೆಳೆಯುತ್ತದೆ. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರ ಮನೆ ಮಾತು ತಮಿಳು. ಅವರೇ ಕನ್ನಡದ ಆಸ್ತಿ ಅನ್ನಿಸಿಕೊಂಡರು, 1983ರ ಜ್ಞಾನಪೀಠ ಪಡೆದರು. ತಾಯಂದಿರಿಗೆ ಇದನ್ನು ಹೇಳಿ.

ಊಟದ ಪಾಠಕ್ಕೂ ಇದೇ ದಾರಿ. ಆರು ತಿಂಗಳ ತನಕ ತಾಯಿಹಾಲು ಮಾತ್ರ, ಆಮೇಲೆ ತಾಯಿಹಾಲಿನ ಜೊತೆ ಮೆತ್ತನೆ ಊಟ. ಇದು ತಿರುಳು, ಬದಲಾಗುವುದಿಲ್ಲ. ಆದರೆ ಯಾವ ಊಟ? ನಮ್ಮಲ್ಲಿ ರಾಗಿ ಸರಿ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ ಹಿಟ್ಟು. ಬಿಹಾರದವರಿಗೆ "ರಾಗಿ" ಅಂದರೆ ಗೊತ್ತಾಗದೆ ಅವರು ಅದನ್ನು ಇಲ್ಲಿಯ ಆಹಾರ, ನಮ್ಮದಲ್ಲ ಅಂದುಕೊಳ್ಳಬಹುದು. ಹಿಟ್ಟನ್ನಲ್ಲ, ಕಾಳನ್ನು ಅಂಗೈಯಲ್ಲಿ ತೋರಿಸಿ. "ಅರೆ, ಮಡುವಾ!" ಅನ್ನುತ್ತಾರೆ ಅವರು. ಒಡಿಶಾದವರು "ಮಂಡಿಯಾ" ಅನ್ನುತ್ತಾರೆ, ಅದರ ಗಂಜಿ ಅವರ ಊರಿನಲ್ಲೂ ಉಂಟು. ನಮ್ಮ ಮುದ್ದೆ ತೆಲುಗಿನವರ ಸಂಗಟಿ, ತಮಿಳಿನವರ ಕಳಿ. ಒಂದು ಹಿಡಿ ಕಾಳು ಇಟ್ಟುಕೊಂಡು ಅರ್ಧ ಗಂಟೆ ಮಾತಾಡಬಹುದು. ಕೊನೆಗೆ ಎಲ್ಲರಿಗೂ ಒಂದೇ ಗುರುತು ಹೇಳಿಕೊಡಿ: ಚಮಚ ಓರೆ ಮಾಡಿದರೆ ರಾಗಿ ಸರಿ ನೀರಿನ ಹಾಗೆ ಹರಿಯಬಾರದು, ಅಂಟಿಕೊಂಡು ನಿಲ್ಲಬೇಕು. ಚಮಚ ಓರೆ ಮಾಡಿಯೇ ತೋರಿಸಿ.

ಪದ್ಧತಿಗಳನ್ನು ಮೂರು ಗುಂಪು ಮಾಡಿ

ಪ್ರತಿ ಮನೆಯಲ್ಲೂ ಪದ್ಧತಿ ಇರುತ್ತದೆ. "ಅದೆಲ್ಲ ಮೂಢನಂಬಿಕೆ" ಅಂದ ಕ್ಷಣ ಅಜ್ಜಿ ಎದ್ದು ಹೋಗುತ್ತಾಳೆ, ಅವಳ ಹಿಂದೆ ಸೊಸೆಯೂ ಹೋಗುತ್ತಾಳೆ. ಎಲ್ಲವನ್ನೂ ಒಪ್ಪಿಕೊಂಡರೆ ಮಗುವಿಗೆ ಕೇಡು. ಅದಕ್ಕೇ ಮೂರು ಗುಂಪು.

ಒಳ್ಳೆಯವು, ಮುಂದುವರಿಸಿ: ಎಣ್ಣೆ ಹಚ್ಚಿ ಮೈ ನೀವುವುದು, ಮಗುವನ್ನು ಮೈಗೆ ಅಂಟಿಸಿಕೊಂಡು ಮಲಗುವುದು, ಬಾಣಂತಿಗೆ ಮನೆಗೆಲಸದಿಂದ ಬಿಡುವು, ಹಾಡು, ಕತೆ, ಅಜ್ಜಿ ತಾತಂದಿರ ಮಡಿಲು. ಇವನ್ನು ಬಾಯಿ ತುಂಬ ಮೆಚ್ಚಿ. ಮೊದಲು ಇದನ್ನೇ ಹೇಳಿ.

ಕೇಡಿಲ್ಲದವು, ಬಿಟ್ಟುಬಿಡಿ: ದೃಷ್ಟಿ ತೆಗೆಯುವುದು, ಕೈಗೆ ಕರಿದಾರ, ತಾಯತ, ಕೆನ್ನೆಗೆ ಬೊಟ್ಟು. ಬೊಟ್ಟು ಕಣ್ಣೊಳಗೆ ಹೋಗದಿದ್ದರೆ ಸಾಕು. ದಾರ ಕುತ್ತಿಗೆಗೆ ಬಿಗಿಯದಿರಲಿ, ಮಗು ಬಾಯಿಗೆ ಹಾಕಿಕೊಳ್ಳುವ ಮಣಿ ಅದರಲ್ಲಿ ಬೇಡ.

ಕೇಡಿನವು, ನಿಲ್ಲಿಸಲೇಬೇಕು: ಹುಟ್ಟಿದ ಕೂಡಲೇ ಬರುವ ಗಟ್ಟಿ ಹಳದಿ ಹಾಲನ್ನು ಚೆಲ್ಲುವುದು, ಕೂಸಿನ ಬಾಯಿಗೆ ಜೇನು, ಸಕ್ಕರೆ ನೀರು, ಬೀದಿಯಲ್ಲಿ ಮಾರುವ ಕತ್ತೆ ಹಾಲು ಹಾಕುವುದು, ಕಣ್ಣಿನೊಳಗೆ ಕಾಡಿಗೆ ತೀಡುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು, ಬರೆ ಹಾಕಿಸುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು. ಪ್ರತಿಯೊಂದಕ್ಕೂ ಕಾರಣ ಹೇಳಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಜೇನಿನಲ್ಲಿ ಇರಬಹುದಾದ ಒಂದು ರೋಗಾಣುವನ್ನು ಒಂದು ವರ್ಷದೊಳಗಿನ ಕೂಸಿನ ಕರುಳು ತಡೆಯಲಾರದು. ಬಿಡಿಸುವಾಗ ಬದಲಿಗೆ ಕೈಗೆ ಏನಾದರೂ ಕೊಡಿ. ನಾಲಿಗೆಗೆ ಜೇನು ಮುಟ್ಟಿಸುವ ಶಾಸ್ತ್ರ ಇದ್ದರೆ, "ಅದೇ ಮುಹೂರ್ತದಲ್ಲಿ ಆ ಹಿರಿಯರು ಕೂಸನ್ನು ತಾಯಿಯ ಎದೆಗೆ ಎತ್ತಿ ಕೊಡಲಿ" ಅನ್ನಿ. ಮೊದಲು ಮುಟ್ಟಿದ ಗೌರವ ಹಿರಿಯರಿಗೆ ಉಳಿಯುತ್ತದೆ, ಕೂಸಿಗೆ ಬೇಕಾದ ಹಾಲು ಕೂಸಿಗೆ ಸಿಗುತ್ತದೆ.

ಮೊಬೈಲ್ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 2 ವರ್ಷದೊಳಗಿನ ಮಕ್ಕಳಿಗೆ ಪರದೆ ನೋಡುತ್ತಾ ಕೂರುವುದು ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು. ಆದರೆ ವಲಸೆ ಬಂದ ಮನೆಯಲ್ಲಿ ಆ ಮೊಬೈಲಿನಲ್ಲೇ ಅಜ್ಜಿ ಇರುತ್ತಾಳೆ. ಅಜ್ಜಿಯ ಜೊತೆ ಮಗು ನಕ್ಕು ಮಾತಾಡುವ ವಿಡಿಯೋ ಕಾಲನ್ನು ಕಾರ್ಟೂನಿನ ಜೊತೆ ಸೇರಿಸಿ ಬೈಯಬೇಡಿ. ಅದು ಓಗೊಡುವಿಕೆಯೇ.

ಹೊತ್ತು ನೋಡಿಕೊಂಡು ಕರೆಯಿರಿ

ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕಬೇಕು. ಆ ವಾರ ಯಾರೂ ಬರುವುದಿಲ್ಲ, ಬನ್ನಿ ಅನ್ನುವುದೂ ತಪ್ಪು. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಇದ್ದಾಗ ತೋಟಕ್ಕೆ ಹೋಗಿ ಹತ್ತು ನಿಮಿಷ ಮಾತಾಡಿ ಬನ್ನಿ, ತರಗತಿ ಇಡಬೇಡಿ. ಹಸು ಇರುವ ಊರಲ್ಲಿ ಬೆಳಗ್ಗೆ, ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು ಬಿಡಿ. ಶುಕ್ರವಾರ ಮಧ್ಯಾಹ್ನ, ರಂಜಾನ್ ತಿಂಗಳು, ಕೆಜಿಎಫ್‌ನಲ್ಲಿ ಭಾನುವಾರ ಬೆಳಗ್ಗೆ, ಇವೂ ಬೇಡ. 2017ರ ಅಕ್ಟೋಬರ್ 2ಕ್ಕೆ ರಾಜ್ಯದಲ್ಲೆಲ್ಲ ಶುರುವಾದ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟಕ್ಕೆ ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೆ ಬರುವ ಕಡೆ, ಊಟ ಆದ ಮೇಲಿನ ಇಪ್ಪತ್ತು ನಿಮಿಷ ಚಿನ್ನದಂಥ ಸಮಯ.

ಇಟ್ಟಿಗೆ ಗೂಡಿನವರು ಮಳೆಗಾಲಕ್ಕೆ ಊರಿಗೆ ಹೊರಡುತ್ತಾರೆ. ಹತ್ತು ತರಗತಿಯ ಕಾರ್ಯಕ್ರಮ ಅವರಿಗೆ ಆಗದು. ನಾಲ್ಕಕ್ಕೆ ಇಳಿಸಿ: ಊಟ, ಓಗೊಡುವುದು, ಗೂಡಿನ ಸುತ್ತ ಮಗುವಿನ ಸುರಕ್ಷತೆ, ಲಸಿಕೆ. ಲಸಿಕೆ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡಿ, ಊರಿಗೆ ಹೋಗುವಾಗ ಬಟ್ಟೆ ಗಂಟಿನಲ್ಲಿ ಮೊದಲು ಅದು ಹೋಗಬೇಕು ಅಂತ ಹೇಳಿ.

ಅಪ್ಪಂದಿರು ಸಭೆಗೆ ಬರುವುದಿಲ್ಲ. ನೀವೇ ಟೀ ಅಂಗಡಿಗೆ, ಡೈರಿ ಕಟ್ಟೆಗೆ ಹೋಗಿ. ಅಲ್ಲಿ ಒಂದೇ ವಿಷಯ ಹೇಳಿ, ಹತ್ತು ನಿಮಿಷದಲ್ಲಿ ಮುಗಿಸಿ. ಹೇಳುವವರು ಗಂಡಸರಾಗಿದ್ದರೆ ಇನ್ನೂ ಒಳ್ಳೆಯದು.

ಹೊಡೆತದ ಮಾತು

ಇದನ್ನು ಮೊದಲ ತರಗತಿಯಲ್ಲಿ ಎತ್ತಬೇಡಿ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ, ಪರಿಚಯ ಬೆಳೆದ ಮೇಲೆ ಎತ್ತಿ. ಎತ್ತಿದ ಕೂಡಲೇ ಗಾದೆ ಬರುತ್ತದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ತೆಲುಗಿನವರು "ಮೊಕ್ಕೈ ವಂಗನಿದಿ ಮಾನೈ ವಂಗುನಾ" ಅನ್ನುತ್ತಾರೆ. ತಮಿಳಿನವರು "ಐಂದಿಲ್ ವಳೆಯಾದದು ಐಂಬದಿಲ್ ವಳೆಯುಮಾ", ಐದರಲ್ಲಿ ಬಗ್ಗದ್ದು ಐವತ್ತರಲ್ಲಿ ಬಗ್ಗುತ್ತದೆಯೇ ಅಂತ. ಮೂರು ಭಾಷೆಯಲ್ಲೂ ಒಂದೇ ಮಾತು!

ಗಾದೆಯನ್ನು ತಳ್ಳಿಹಾಕಬೇಡಿ, ಕೈಗೆ ತಗೊಳ್ಳಿ. ನಾನು ಅಂಗಳದಿಂದ ಒಂದು ಹಸಿ ಕಡ್ಡಿ ಕಿತ್ತು ತರುತ್ತೇನೆ. ಒಬ್ಬರ ಕೈಗೆ ಕೊಟ್ಟು "ಬಗ್ಗಿಸಿ" ಅನ್ನುತ್ತೇನೆ. ಮೆಲ್ಲಗೆ ಬಗ್ಗಿಸುತ್ತಾರೆ, ಬಾಗುತ್ತದೆ. ಇನ್ನೊಂದು ಕೊಟ್ಟು "ಜೋರಾಗಿ ಒಂದೇ ಏಟಿಗೆ ಬಗ್ಗಿಸಿ" ಅನ್ನುತ್ತೇನೆ. ಮುರಿಯುತ್ತದೆ, ಇಲ್ಲವೇ ಸಿಪ್ಪೆ ಸೀಳುತ್ತದೆ. ಗಾದೆ ಹೇಳಿದ್ದು ಬಗ್ಗಿಸು ಅಂತ, ಹೊಡೆ ಅಂತ ಅಲ್ಲವಲ್ಲ. ಆಮೇಲೆ ಕೇಳುತ್ತೇನೆ: "ನಿಮಗೆ ಚಿಕ್ಕಂದಿನಲ್ಲಿ ಬಿದ್ದ ಏಟುಗಳಲ್ಲಿ ಯಾವುದು ಇನ್ನೂ ನೆನಪಿದೆ? ಯಾಕೆ ಬಿತ್ತು ಅನ್ನುವುದು ನೆನಪಿದೆಯಾ?" ಏಟು ಎಲ್ಲರಿಗೂ ನೆನಪಿರುತ್ತದೆ. ಯಾಕೆ ಅನ್ನುವುದು ಬಹಳ ಜನಕ್ಕೆ ಮರೆತಿರುತ್ತದೆ. ಆ ಹೊತ್ತಿನಲ್ಲಿ ಕೋಣೆ ತುಂಬಾ ನಿಶ್ಶಬ್ದವಾಗುತ್ತದೆ. ಕೆಲವರು ಅಳುತ್ತಾರೆ. ಆತುರ ಮಾಡಬೇಡಿ, ನೀರು ಕೊಡಿ, ಸುಮ್ಮನೆ ಜೊತೆಯಲ್ಲಿರಿ.

ಹೊಡೆಯಬೇಡಿ ಅಂದರೆ ಸಾಲದು, ಬದಲಿಗೆ ಏನು ಮಾಡಬೇಕು ಅಂತ ಅವರ ಮನೆಯ ಅಳತೆಯಲ್ಲಿ ಹೇಳಬೇಕು. ಒಂದೇ ಕೋಣೆಯ ಮನೆಯಲ್ಲಿ ಹಟ ಮಾಡುವ ಮಗುವಿನ ಪಕ್ಕ ಕೂತು, ಅದು ತಣ್ಣಗಾಗುವ ತನಕ ಮಾತಾಡದೆ ಇರಬಹುದು. ದೊಡ್ಡವರಿಗೇ ಸಿಟ್ಟು ಬಂದರೆ ಅವರು ಹೊಸಿಲು ದಾಟಿ ಹೊರಗೆ ಹೋಗಿ, ಒಂದು ಚೊಂಬು ನೀರು ಕುಡಿದು ಬರಬಹುದು. ಇದು ನಮ್ಮ ತರಗತಿಗೆ ಬಂದ ಒಬ್ಬ ತಾಯಿಯೇ ಹೇಳಿಕೊಟ್ಟ ಉಪಾಯ.

ಕಾನೂನನ್ನು ಬೆದರಿಕೆಯಾಗಿ ಬಳಸಬೇಡಿ, ಮಾಹಿತಿಯಾಗಿ ಕೊಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವಂತಿಲ್ಲ, ಮನಸ್ಸಿಗೆ ನೋವು ಕೊಡುವಂತಿಲ್ಲ. ಮಗುವಿಗೆ ಅಪಾಯ ಇದ್ದರೆ 1098ಕ್ಕೆ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ. ಹುಡುಗಿಗೆ 18, ಹುಡುಗನಿಗೆ 21 ಆಗುವ ಮುಂಚೆ ಮದುವೆ ಮಾಡುವುದು ಬಾಲ್ಯವಿವಾಹ. ನಮ್ಮ ಜಾತಿಯಲ್ಲಿ, ನಮ್ಮ ಧರ್ಮದಲ್ಲಿ ಇದು ಪದ್ಧತಿ ಅಂತ ಯಾರು ಹೇಳಿದರೂ, ಇಲ್ಲಿ ಪದ್ಧತಿಗೆ ಹೊಂದಿಸುವುದು ಇಲ್ಲ. ಹೇಳುವ ದನಿ ಮೆತ್ತಗಿರಲಿ, ಮಾತು ಗಟ್ಟಿಯಿರಲಿ.

ತಲುಪಿತಾ ಅಂತ ನೋಡುವುದು

"ಹೇಗಿತ್ತು?" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿತ್ತು" ಅನ್ನುತ್ತಾರೆ. ಮನೆಗೆ ಬಂದ ನೆಂಟರಿಗೆ ಊಟ ಹೇಗಿತ್ತು ಅಂದರೆ ಏನು ಹೇಳುತ್ತೇವೋ ಹಾಗೆ. ಅದರ ಬದಲು, "ಇದನ್ನು ಮನೆಗೆ ಹೋಗಿ ನಿಮ್ಮ ಅತ್ತೆಗೆ ಹೇಗೆ ಹೇಳುತ್ತೀರಿ? ನಾನೇ ಅತ್ತೆ ಅಂದುಕೊಳ್ಳಿ, ಹೇಳಿ" ಅನ್ನಿ. ಅವರ ಮಾತಿನಲ್ಲೇ ಹೇಳಲಿ, ಜೊತೆಗಾತಿ ಕೇಳಿಸಿಕೊಳ್ಳಲಿ. ನೀವು ಅತ್ತೆಯಾಗಿ ಎದುರು ವಾದ ಮಾಡಿ. ಸೊಸೆ ಎಲ್ಲಿ ತಡವರಿಸುತ್ತಾಳೋ ಅಲ್ಲೇ ನಿಮ್ಮ ಪಾಠದಲ್ಲಿ ತೂತು ಇದೆ.

ಹದಿನೈದು ದಿನ ಬಿಟ್ಟು ಮನೆಗೆ ಹೋಗಿ. ಬಂದವರ ಮನೆಗಿಂತ ಮೊದಲು, ಎರಡನೇ ತರಗತಿಗೆ ಬರದೆ ಬಿಟ್ಟವರ ಮನೆಗೆ ಹೋಗಿ. ಯಾವ ಬೀದಿಯವರು ಬಿಟ್ಟರು, ಯಾವ ಮಾತಿನವರು ಬಿಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಿಟ್ಟವರೆಲ್ಲ ಒಂದೇ ಕೇರಿಯವರಾಗಿದ್ದರೆ ತಪ್ಪು ಅವರದ್ದಲ್ಲ, ಸಭೆಯದ್ದು.

ಆಮೇಲೆ ಮುಂದಿನ ತಂಡ ಶುರುವಾಗುತ್ತದೆ. ಅದರ ಮೊದಲ ತರಗತಿಗೆ ಹಿಂದಿನ ತಂಡದ ಒಬ್ಬ ತಾಯಿಯನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ, ಅರ್ಧ ಗಂಟೆ ಅವರೇ ನಡೆಸಲಿ. ಬಸ್ ಚಾರ್ಜು ಮತ್ತು ಅವತ್ತಿನ ಕೂಲಿಯನ್ನು ಅವರ ಕೈಗೆ ಅವತ್ತೇ ಕೊಡಿ.